ಭಾವನನ್ನು ಊರಿಗೆ ಕಳಿಸುವ ಡಂಪ್ಲಿಂಗ್

ಹೆಂಡತಿಯ ಅಣ್ಣ ಮನೆಗೆ ಬಂದರೆ ಯಾರೂ ಸಾಯುವುದಿಲ್ಲ. ಈ ಮಾತನ್ನು ದರ್ಜಿಗೆ ಅವನ ಹೆಂಡತಿ ದಿನಕ್ಕೆರಡು ಸಲ, ಗುಳಿಗೆ ಕೊಟ್ಟ ಹಾಗೆ, ಬೆಳಿಗ್ಗೆ ಒಂದು ಸಂಜೆ ಒಂದು ಹೇಳುತ್ತಿದ್ದಳು. ದರ್ಜಿಯೂ ಒಪ್ಪುತ್ತಿದ್ದ. ಸಾಯುವುದಿಲ್ಲ, ನಿಜ. ಆದರೆ ಶನಿವಾರ ಮಧ್ಯಾಹ್ನದೊಳಗೆ ವಾದ್ಯವೃಂದದವರಿಗೆ ಇಪ್ಪತ್ತಾರು ಕೋಟು ಹೊಲಿದು ಕೊಡಬೇಕಾದವನು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಭಾವ ಮಲಗಿ ಗೊರಕೆ ಹೊಡೆಯುತ್ತಿದ್ದರೆ, ಬದುಕಿಯಾದರೂ ಏನು ಮಾಡಬೇಕು ಎಂಬುದನ್ನು ಅವಳು ಹೇಳುತ್ತಿರಲಿಲ್ಲ.

ಭಾವ ಸಾಮಾನ್ಯ ಭಾವನಲ್ಲ. ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು ಕ್ಯಾಪ್ಟನ್ ಎಂದು ಕರೆಯುತ್ತಿದ್ದರು, ಅವರು ತಿದ್ದುವ ಗೋಜಿಗೆ ಹೋಗಿರಲಿಲ್ಲ. ಮೆತ್ತನೆಯ ಹಾಸಿಗೆಯಲ್ಲಿ ಮಲಗಿದರೆ ಅವರಿಗೆ ಬೆನ್ನು ಹಿಡಿಯುತ್ತಿತ್ತು. ಆ ಮನೆಯಲ್ಲಿ ಹಡಗಿನ ಹಲಗೆಯಷ್ಟು ಗಟ್ಟಿಯಾದ, ಆರೂವರೆ ಅಡಿ ಉದ್ದದ ಜಾಗ ಒಂದೇ ಒಂದು, ಮುಂದಿನ ಕೋಣೆಯ ಮೇಜು. ಬಂದ ದಿನವೇ ಅವರು ಅದರ ಮೇಲಿದ್ದ ಅಳತೆಪಟ್ಟಿ, ಸೀಮೆಸುಣ್ಣ, ಕತ್ತರಿಗಳನ್ನು ಬುಟ್ಟಿಗೆ ತುಂಬಿ, ಬುಟ್ಟಿಯನ್ನು ದರ್ಜಿಯ ಕೈಗೆ ಕೊಟ್ಟು ಕಾಲು ಚಾಚಿದರು. ಏಳುವುದು ಬೆಳಿಗ್ಗೆ ಹತ್ತೂವರೆಗೆ. ಊಟವಾದ ಮೇಲೆ ಎರಡರಿಂದ ಐದರವರೆಗೆ ಮತ್ತೆ ಸಿಂಹಾಸನಾರೋಹಣ.

ಬಂದದ್ದು ಮೂರು ದಿನದ ಮಟ್ಟಿಗೆ. ಭಾನುವಾರ ಸಂಜೆಯ ರೈಲಿಗೆ ಹೊರಟೇ ಹೋಗುತ್ತಿದ್ದರು. ಕೆಡಿಸಿದ್ದು ದರ್ಜಿಯ ಬಾಯಿ. (ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಇವನ ಮನೆಯಲ್ಲಿ ಒಲೆ ಮಾತ್ರ ನೆಟ್ಟಗಿತ್ತು.)

ಭಾನುವಾರ ಊಟಕ್ಕೆ ಕುಳಿತಾಗ ಕ್ಯಾಪ್ಟನ್ ಯಾವುದೋ ಬಂದರಿನಲ್ಲಿ ತಿಂದ ಚೀನೀ ಸೂಪ್ ಡಂಪ್ಲಿಂಗಿನ ವರ್ಣನೆ ಎತ್ತಿಕೊಂಡರು. ಹಿಟ್ಟಿನ ತೆಳ್ಳನೆಯ ಪುಟ್ಟ ಚೀಲವಂತೆ. ಅದರ ಬಾಯನ್ನು ನೆರಿಗೆ ಹಿಡಿದು ಮುಚ್ಚಿರುತ್ತಾರಂತೆ. ಒಳಗೆ ಮಾಂಸದ ಉಂಡೆ, ಉಂಡೆಯ ಸುತ್ತ ಬಿಸಿ ಸಾರು. ಚೀಲದೊಳಗೆ ಸಾರು ಹೊಯ್ಯುವುದು ಹೇಗೆ ಎಂದು ದರ್ಜಿ ಕೇಳಿಬಿಟ್ಟ. ಸಾರನ್ನು ಮೊದಲು ತಣ್ಣಗೆ ಹೆಪ್ಪುಗಟ್ಟಿಸಿ ತುಂಡು ಮಾಡಿ ಒಳಗಿಡುತ್ತಾರೆ, ಹಬೆಯಲ್ಲಿ ಬೇಯುವಾಗ ಅದು ಕರಗುತ್ತದೆ ಎಂದು ವಿವರಿಸಿ, ಇಷ್ಟೂ ತಿಳಿಯದವನಿಗೆ ನಿನ್ನನ್ನು ಕೊಟ್ಟೆವಲ್ಲ ಎನ್ನುವಂತೆ ಕ್ಯಾಪ್ಟನ್ ತಂಗಿಯ ಮುಖ ನೋಡಿದರು. ನಿಮ್ಮ ಈ ಊರಲ್ಲಿ ತಲೆ ಕೆಳಗೆ ಮಾಡಿ ನಿಂತರೂ ಅದು ಸಿಗುವುದಿಲ್ಲ ಎಂದು ಷರಾ ಬರೆದರು.

ದರ್ಜಿಗೆ ಎಲ್ಲಿತ್ತೋ ರೋಷ, ನೆತ್ತಿಗೇರಿತು. ಒಂದು ದಿನದ ರೋಷವಲ್ಲ ಅದು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವನು ಈ ಭಾವನಿಗೆ ಹದಿನಾಲ್ಕು ಅಂಗಿ, ಮೂರು ಕೋಟು ಹೊಲಿದುಕೊಟ್ಟಿದ್ದ. ತೋಳು ಉದ್ದವಾಯಿತು, ಕತ್ತು ಬಿಗಿಯಾಯಿತು, ಗುಂಡಿಗೆ ಬಣ್ಣ ಸಾಲದು ಎಂಬ ಮಾತು ಬಂದಿತ್ತೇ ಹೊರತು, ಚೆನ್ನಾಗಿದೆ ಎಂಬ ಒಂದು ಅಕ್ಕರೆಯ ಮಾತು ಆ ಬಾಯಿಂದ ಉದುರಿರಲಿಲ್ಲ.

"ನಮ್ಮೂರಲ್ಲಿ ಸಿಗದೇ ಇರೋದು ಯಾವುದೂ ಇಲ್ಲ," ಎಂದ. "ನೀವು ಹೊರಡೋದ್ರೊಳಗೆ ತಿನ್ನಿಸ್ತೀನಿ."

"ಹಾಗಾದ್ರೆ ತಿಂದೇ ಹೊರಡ್ತೀನಿ," ಎಂದು ಕ್ಯಾಪ್ಟನ್ ಫೋನು ತೆಗೆದು ಸಂಜೆಯ ಟಿಕೆಟ್ಟು ರದ್ದು ಮಾಡಿ, ಕೈ ತೊಳೆದು, ಮೇಜಿನ ಮೇಲೆ ಮಲಗಿದರು.

ಇರಲಾರದೆ ಇರುವೆ ಬಿಟ್ಟುಕೊಂಡವನ ಪಾಡು ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಸೋಮವಾರದಿಂದ ಈಚೆಗೆ ದರ್ಜಿಯ ಮನೆಯನ್ನು ನೋಡಬೇಕಿತ್ತು. ಮೇಜಿಲ್ಲದ್ದರಿಂದ ಅಡುಗೆಮನೆಗೂ ಬಾಗಿಲಿಗೂ ನಡುವೆ ನೆಲದ ಮೇಲೆ ಕೆಂಪು ಬಟ್ಟೆ ಹರವಿಕೊಂಡು, ಮಂಡಿಯೂರಿ ಕತ್ತರಿಸುತ್ತಿದ್ದ. ಹೆಂಡತಿ ಅತ್ತಿಂದಿತ್ತ ದಾಟುವಾಗಲೆಲ್ಲ ಬಟ್ಟೆ ಜರುಗುತ್ತಿತ್ತು. ಹಾಗೆ ಜರುಗಿ ಜರುಗಿ ಒಂದು ಕೋಟಿಗೆ ಎರಡೂ ಎಡದೋಳುಗಳೇ ಬಂದವು. ಎರಡೂ ಎಡಗೈ ಇರುವವರು ವಾದ್ಯವೃಂದದಲ್ಲಿ ಯಾರೂ ಇರಲಿಲ್ಲ. ವಾದ್ಯವೃಂದದ ಮುಖ್ಯಸ್ಥ ತುತ್ತೂರಿ ಊದುವವನು, ಫೋನಿನಲ್ಲೂ ಹಾಗೆಯೇ ಊದುತ್ತಿದ್ದ. ಶನಿವಾರ ಸಂಜೆ ಕಛೇರಿ, ಕೋಟು ಬರದಿದ್ದರೆ ಇನ್ನು ಮುಂದೆ ನಮಗೆ ರೆಡಿಮೇಡ್ ಅಂಗಡಿಯೇ ಸಾಕು ಎಂದು ದಿನವೂ ತಪ್ಪದೆ ನೆನಪಿಸಿದ. ವರ್ಷದ ಅರ್ಧ ಕೆಲಸ ಆ ವೃಂದದಿಂದಲೇ ಬರುತ್ತಿತ್ತು. ದರ್ಜಿಗೆ ಅನ್ನ ರುಚಿಸುತ್ತಿರಲಿಲ್ಲ.

ಕ್ಯಾಪ್ಟನ್ ಹೋದರೆ ಮೇಜು ಸಿಗುತ್ತದೆ. ಡಂಪ್ಲಿಂಗ್ ಸಿಕ್ಕರೆ ಕ್ಯಾಪ್ಟನ್ ಹೋಗುತ್ತಾರೆ. ಲೆಕ್ಕ ಸುಲಭವಾಗಿಯೇ ಇತ್ತು. ಅಷ್ಟು ದೊಡ್ಡ ಬಾಣಸಿಗರು ತಾವೇ ಮಾಡಿಕೊಂಡು ತಿಂದುಹೋಗಬಾರದೇ ಎಂದು ಅವನು ಹೆಂಡತಿಯ ಕಿವಿಯಲ್ಲಿ ಒಮ್ಮೆ ಉಸುರಿ ನೋಡಿದ. ಮೂವತ್ತು ವರ್ಷ ಊರವರಿಗೆಲ್ಲ ಬೇಯಿಸಿ ಹಾಕಿ ಬಂದವನು ತಂಗಿ ಮನೆಯಲ್ಲೂ ಸೌಟು ಹಿಡಿಯಬೇಕೇ ಎಂದು ಅವಳು ಕಣ್ಣೀರು ಹಾಕಿದಳು. ಅಲ್ಲಿಗೆ ಆ ದಾರಿ ಮುಚ್ಚಿತು.

ಸೋಮವಾರ ಮೂವರೂ ಹತ್ತನೇ ಮಹಡಿಯ ದೊಡ್ಡ ರೆಸ್ಟೋರೆಂಟಿಗೆ ಹೋದರು. ಮಾಣಿ ಒಂದು ತಟ್ಟೆಯಲ್ಲಿ ಡಂಪ್ಲಿಂಗ್, ಒಂದು ಬಟ್ಟಲಲ್ಲಿ ಸೂಪು ತಂದಿಟ್ಟು, ಕೇಳಿದ್ದು ಎರಡೂ ಬಂತಲ್ಲ ಎಂದ. ಕ್ಯಾಪ್ಟನ್ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು, "ಇದಲ್ಲ," ಎಂದರು. ಮಂಗಳವಾರ ಹೋದ ಕಡೆ ಹಿಟ್ಟಿನ ಸಿಪ್ಪೆ ದಪ್ಪ. ದರ್ಜಿ ಅಭ್ಯಾಸಬಲದಿಂದ ಅದನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡಿ, ಇದು ಕೋಟಿನ ಕಾಲರಿನೊಳಗೆ ಕೊಡುವ ಕ್ಯಾನ್‌ವಾಸಿಗೆ ಸಮ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟ. ಕರವಸ್ತ್ರ ಮತ್ತೆ ನಾಲ್ಕು ಮಡಿಕೆಯಾಯಿತು. ಇದಲ್ಲ. ಬುಧವಾರದ ಡಂಪ್ಲಿಂಗ್ ನೋಡಲು ಎಷ್ಟು ಸರಿಯಾಗಿತ್ತೆಂದರೆ ದರ್ಜಿ ಸಂತೋಷ ತಡೆಯಲಾರದೆ ಇಡಿಯಾಗಿ ಬಾಯಿಗೆ ಹಾಕಿಕೊಂಡ. ಒಳಗಿನ ಕುದಿಯುವ ಸಾರು ನಾಲಿಗೆಯ ಮೇಲಿನ ಒಂದು ಪದರವನ್ನೇ ಕಿತ್ತುಕೊಂಡು ಹೋಯಿತು. ಕಣ್ಣಲ್ಲಿ ನೀರು ತುಂಬಿಕೊಂಡು ಭಾವನ ಮುಖವನ್ನೇ ನೋಡುತ್ತ ಕುಳಿತ. ಸಾರು ಪೊಟ್ಟಣದ ಪುಡಿಯದು ಎಂದರು ಭಾವ. ಆ ಹೊತ್ತಿಗೆ ಮನೆಯಲ್ಲಿ ಹದಿನೆಂಟು ಕೋಟು ಬಾಕಿ ಇದ್ದವು.

ಗುರುವಾರ ಬೆಳಿಗ್ಗೆ ಹಿತ್ತಾಳೆ ಗುಂಡಿ ತರಲೆಂದು ಪೇಟೆಗೆ ಹೋದವನಿಗೆ, ಗುಂಡಿಯಂಗಡಿಗಳ ಹಿಂದಿನ ಓಣಿಯಲ್ಲಿ ಒಂದು ಪುಟ್ಟ ಚೀನೀ ಊಟದಂಗಡಿ ಕಂಡಿತು. ನಾಲ್ಕೇ ಮೇಜು. ಗಿರಾಕಿ ಒಬ್ಬರೂ ಇಲ್ಲ. ಅಡುಗೆಯಾಕೆ ಬಿದಿರಿನ ಬುಟ್ಟಿಯಲ್ಲಿ ತಂದಿಟ್ಟ ಡಂಪ್ಲಿಂಗುಗಳು ಆರಕ್ಕೆ ಆರೂ ಒಡೆದು, ಸಾರೆಲ್ಲ ಬುಟ್ಟಿಯ ತಳದ ಎಲೆಯ ಮೇಲೆ ನಿಂತಿತ್ತು. ಎದ್ದು ಬರಬೇಕೆಂದಿದ್ದವನು, ಕೊಟ್ಟ ಮೇಲೆ ಬಿಡುವುದೇಕೆ ಎಂದು ಆ ಸಾರನ್ನು ಚಮಚದಲ್ಲಿ ಬಳಿದು ಬಾಯಿಗಿಟ್ಟ. ಸುಟ್ಟ ನಾಲಿಗೆಗೂ ಅದರ ರುಚಿ ಹತ್ತಿತು.

ಇಂಥ ಸಾರು ಹೀಗೇಕೆ ಸೋರಿಹೋಗುತ್ತಿದೆ ಎಂದು ಕೇಳಿದ್ದಕ್ಕೆ ಅಡುಗೆಯಾಕೆ ತನ್ನ ದುಃಖ ತೋಡಿಕೊಂಡಳು. ಸಾರು ತನ್ನದು, ನೆರಿಗೆ ತಂಗಿಯದು, ಹನ್ನೆರಡು ವರ್ಷ ಹಾಗೆಯೇ ನಡೆದಿತ್ತು. ಹೋದ ತಿಂಗಳು ತಂಗಿ ಜಗಳವಾಡಿ ಬೇರೆ ಊರಿಗೆ ಹೋದಳು. ಅಂದಿನಿಂದ ತಾನು ಮುಚ್ಚಿದ್ದೆಲ್ಲ ಒಡೆಯುತ್ತಿದೆ, ಬರುವವರೂ ನಿಂತರು.

ದರ್ಜಿ ಅವಳು ನೆರಿಗೆ ಹಿಡಿಯುವುದನ್ನು ಐದು ನಿಮಿಷ ನಿಂತು ನೋಡಿದ. ನೋಡಲಾಗಲಿಲ್ಲ. ಅವಳು ಅಂಚನ್ನು ಎಳೆದು ಎಳೆದು ಮಡಿಸುತ್ತಿದ್ದಳು. ನೆರಿಗೆಯನ್ನು ಎಳೆಯುವುದೆಂದರೇನು? ಮೂವತ್ತು ವರ್ಷ ಲಂಗದ ಸೊಂಟಕ್ಕೂ ತೋಳಿನ ಭುಜಕ್ಕೂ ನೆರಿಗೆ ಕೂರಿಸಿದವನ ಬೆರಳು ತುರಿಸಿತು. ಬಟ್ಟೆಯನ್ನು ನೆರಿಗೆಯ ಕಡೆಗೆ ತಳ್ಳಬೇಕು, ನೆರಿಗೆಯನ್ನು ಬಟ್ಟೆಯ ಕಡೆಗೆ ಎಳೆಯಬಾರದು. ಕೈ ತೊಳೆದು ಅವಳ ಪಕ್ಕ ನಿಂತ. ಅಂಚು ತೆಳ್ಳಗೆ, ನಡು ದಪ್ಪ ಬರುವಂತೆ ಲಟ್ಟಿಸಲು ಹೇಳಿದ. ಎಡಗೈ ಹೆಬ್ಬೆರಳಿನಿಂದ ಉಂಡೆಯನ್ನು ಒತ್ತಿ ಹಿಡಿದು, ಬಲಗೈಯಲ್ಲಿ ಒಂದೊಂದೇ ನೆರಿಗೆ ಕೂರಿಸುತ್ತ ತಿರುಗಿಸಿದ. ಮೊದಲ ಮೂರು ಹರಿದವು. ನಾಲ್ಕನೆಯದು ಹಬೆಯಲ್ಲಿ ಬೆಂದು ಹೊರಬಂದಾಗ ಒಂದು ಹನಿಯೂ ಸೋರಿರಲಿಲ್ಲ. ಅಡುಗೆಯಾಕೆ ನೆರಿಗೆ ಎಣಿಸಿದಳು. ಹದಿನೆಂಟು. ತಂಗಿ ಹದಿನಾಲ್ಕೇ ಹಿಡಿಯುತ್ತಿದ್ದಳಂತೆ. (ಅವನು ಅಲ್ಲಿ ಎರಡೂವರೆ ಗಂಟೆ ಇದ್ದ. ಗುಂಡಿ ತರುವುದನ್ನು ಮರೆತ.)

ಶುಕ್ರವಾರ ಹನ್ನೆರಡು ಗಂಟೆಗೆ ಹನ್ನೊಂದು ಕೋಟು ಬಾಕಿ. ಹೆಂಡತಿ ಅಣ್ಣನನ್ನು ಕರೆದುಕೊಂಡು ನೇರ ಆ ಊಟದಂಗಡಿಗೆ ಬರಲಿ, ತಾನು ಗುಂಡಿಯಂಗಡಿಯಿಂದ ಬರುತ್ತೇನೆ ಎಂದು ಹೇಳಿ ದರ್ಜಿ ಮೊದಲೇ ಓಡಿದ. ಹಿತ್ತಿಲ ಬಾಗಿಲಿಂದ ನುಗ್ಗಿ, ಬೆವರು ಒರೆಸಿಕೊಂಡು, ಎಂಟು ಡಂಪ್ಲಿಂಗ್ ಮುಚ್ಚಿದ. ಒಂದು ನೆರಿಗೆ ತಪ್ಪಿದರೆ ಸಾರು ಹೋಯಿತು, ಸಾರು ಹೋದರೆ ಮೇಜು ಹೋಯಿತು, ಮೇಜು ಹೋದರೆ ವೃಂದ ಹೋಯಿತು. ಬುಟ್ಟಿಯನ್ನು ಹಬೆಗಿಟ್ಟು, ಓಣಿ ಸುತ್ತಿಕೊಂಡು ಮುಂಬಾಗಿಲಿಂದ ಬಂದು ಏನೂ ಅರಿಯದವನಂತೆ ಕುಳಿತ. ಕಿವಿಯ ಮೇಲೆ ಹಿಟ್ಟೇಕೆ ಎಂದು ಹೆಂಡತಿ ಕೇಳಿದಳು. ಅವನು ತೋಳಿನಿಂದ ಕಿವಿ ಒರೆಸಿಕೊಂಡ.

ಬುಟ್ಟಿ ಬಂತು. ಎಂಟೂ ನೆಟ್ಟಗಿದ್ದವು. ಕ್ಯಾಪ್ಟನ್ ಒಂದನ್ನು ನಿಧಾನವಾಗಿ ಎತ್ತಿದರು. ಅದು ಸಾರಿನ ಭಾರಕ್ಕೆ ಜೋತಾಡಿತು, ಹರಿಯಲಿಲ್ಲ. ಅವರು ಪಕ್ಕದಲ್ಲಿ ಚಿಕ್ಕದಾಗಿ ಕಚ್ಚಿ, ಸಾರು ಹೀರಿ, ಕಣ್ಣು ಮುಚ್ಚಿ, ಉಳಿದದ್ದನ್ನು ಬಾಯಿಗಿಟ್ಟುಕೊಂಡರು. ಕರವಸ್ತ್ರ ಜೇಬಿನಿಂದ ಹೊರಬರಲೇ ಇಲ್ಲ.

"ಇದೇ," ಎಂದರು.

ದರ್ಜಿಗೆ ಸ್ವರ್ಗ ಮೂರೇ ಗೇಣು. ಐದೂವರೆಗೆ ರೈಲು, ಆರಕ್ಕೆ ಮೇಜು, ಹನ್ನೊಂದು ಕೋಟು, ಬೆಳಗಾಗುವುದರೊಳಗೆ ಮುಗಿದೇ ಮುಗಿಯುತ್ತದೆ. ಟಿಕೆಟ್ಟು ಮಾಡಿಸಲೇ ಎಂದು ಅತ್ಯಂತ ವಿನಯದಿಂದ ಕೇಳಿದ.

"ಇನ್ನೆಲ್ಲಿ ಟಿಕೆಟ್ಟು," ಎಂದರು ಕ್ಯಾಪ್ಟನ್, ಎರಡನೆಯದನ್ನು ಎತ್ತುತ್ತ. "ಇದನ್ನ ತಿಂದ ಮೇಲೆ ಈ ಊರು ಬಿಟ್ಟು ಹೋಗೋನು ಮೂರ್ಖ. ಇಲ್ಲೇ ಇದ್ದುಬಿಡ್ತೀನಿ, ದಿನಾ ಮಧ್ಯಾಹ್ನ ಇಲ್ಲೇ ಊಟ."

ತಂಗಿಯ ಮುಖ ಅರಳಿತು. ದರ್ಜಿಯ ಕಣ್ಣಿಗೆ ಕತ್ತಲೆ ಕಟ್ಟಿತು. ಆಮೇಲೆ ಥಟ್ಟನೆ ಹೊಳೆಯಿತು: ನಿಜ ಹೇಳಿಬಿಟ್ಟರಾಯಿತು. ಈ ಅಂಗಡಿಯಲ್ಲಿ ದಿನವೂ ಇದು ಸಿಗುವುದಿಲ್ಲ ಎಂದು ತಿಳಿದರೆ ಇರಲು ಕಾರಣವೇ ಇಲ್ಲ. (ನಿಜ ಹೇಳಿದವರು ಕೆಟ್ಟಿಲ್ಲ ಎಂದು ಅವನಿಗೆ ಯಾರೋ ಹೇಳಿದ್ದರು. ಹೇಳಿದವರಿಗೆ ಭಾವ ಇದ್ದಿರಲಾರರು.)

"ಭಾವ, ಇದು ಈ ಅಂಗಡೀದಲ್ಲ," ಎಂದ. "ಅವ್ರು ಮುಚ್ಚಿದ್ದೆಲ್ಲ ಸೋರುತ್ತೆ. ಬೇಕಾದ್ರೆ ಕೇಳಿ. ಈ ಎಂಟಕ್ಕೂ ನೆರಿಗೆ ಹಿಡಿದೋನು ನಾನು."

ಕ್ಯಾಪ್ಟನ್ ಕೈಯಲ್ಲಿದ್ದುದನ್ನು ಕೆಳಗಿಟ್ಟರು. ಅಡುಗೆಯಾಕೆಯ ಕಡೆ ನೋಡಿದರು, ಅವಳು ಹೌದೆಂದು ತಲೆಯಾಡಿಸಿದಳು. ಮೇಜಿನ ಮೇಲಿದ್ದ ದರ್ಜಿಯ ಬಲಗೈಯನ್ನು ಎತ್ತಿಕೊಂಡು, ತಿರುಗಿಸಿ, ಒಂದೊಂದೇ ಬೆರಳನ್ನು ನೋಡಿದರು.

"ಮೂವತ್ತು ವರ್ಷ ಪ್ರಯತ್ನ ಮಾಡ್ದೆ," ಎಂದರು ಮೆಲ್ಲಗೆ. "ಸಾರು ಬರುತ್ತೆ, ಉಂಡೆ ಬರುತ್ತೆ, ಈ ಹಾಳು ನೆರಿಗೆ ಮಾತ್ರ ಒಂದು ದಿನವೂ ಬರ್ಲಿಲ್ಲ. ನಲವತ್ತು ಜನರ ಹಂಡೆ ತಿರುವಿದ ಕೈ ನಂದು, ಮುಟ್ಟಿದ್ದೆಲ್ಲ ಒಡೆಯುತ್ತೆ. ಇಂಥ ಕೈ ನಾನು ಯಾವ ಬಂದರಲ್ಲೂ ನೋಡಿಲ್ಲ."

ಹದಿನಾಲ್ಕು ಅಂಗಿ, ಮೂರು ಕೋಟಿಗೆ ಬರದ ಮಾತು ಎಂಟು ಡಂಪ್ಲಿಂಗಿಗೆ ಬಂದಿತ್ತು. ಅವನಿಗೆ ನಾಚಿಕೆಯೂ ಆಯಿತು, ಅಳುವೂ ಬಂತು.

ಕ್ಯಾಪ್ಟನ್ ಅಷ್ಟರಲ್ಲಿ ಮುಂದಿನ ಏರ್ಪಾಡು ಶುರು ಮಾಡಿದ್ದರು. ಮನೆಯಲ್ಲೇ ಇಂಥ ಕೈ ಇರುವಾಗ ಅಂಗಡಿಗೇಕೆ ಬರಬೇಕು ಎಂದರು. ಸಾರು ತಾವು ಕಾಯಿಸುತ್ತಾರಂತೆ, ಹಬೆಗಿಡುವುದು ತಂಗಿ. ಹಿಟ್ಟು ಲಟ್ಟಿಸಲು ಉದ್ದದ ಮೇಜು ಬೇಕೇ ಬೇಕು, ಅದೂ ಇದೆ, ಹಗಲೆಲ್ಲ ಹಿಟ್ಟು, ಆಮೇಲೆ ಒರೆಸಿ ತಾವು ಮಲಗಿದರಾಯಿತು. ಕೋಟುಗಳ ಗತಿಯೇನೆಂದು ಹೆಂಡತಿ ಮೆಲ್ಲಗೆ ಕೇಳಿದಳು. ಊದುವವರು ಶರಟಿನಲ್ಲೂ ಊದಬಹುದು ಎಂದರು ಕ್ಯಾಪ್ಟನ್.

ಬುದ್ಧಿ ನೆಟ್ಟಗಿರುವ ಯಾವ ಗಂಡಸಾದರೂ ಆಗ ಏನು ಹೇಳಬೇಕಿತ್ತು? ಭಾವ, ಹನ್ನೊಂದು ಕೋಟು ಬಾಕಿ ಇದೆ, ಹೊಟ್ಟೆಪಾಡು, ದಯವಿಟ್ಟು ರೈಲು ಹತ್ತಿ ಎನ್ನಬೇಕಿತ್ತು. ದರ್ಜಿಗೂ ಅದು ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಕ್ಯಾಪ್ಟನ್ ಒಂದು ಡಂಪ್ಲಿಂಗನ್ನು ಬೆಳಕಿಗೆ ಹಿಡಿದು ನೋಡುತ್ತ, ಇದಕ್ಕೆ ಎಷ್ಟು ನೆರಿಗೆ ಎಂದು ಕೇಳಿದರು.

"ಹದಿನೆಂಟು."

"ಇಪ್ಪತ್ತು ಆಗುತ್ತಾ?"

ದರ್ಜಿ ಆ ಡಂಪ್ಲಿಂಗನ್ನು ನೋಡಿದ. ಹೆಬ್ಬೆರಳನ್ನು ತೋರುಬೆರಳಿಗೆ ಒಮ್ಮೆ ಉಜ್ಜಿಕೊಂಡ.

"ಇಪ್ಪತ್ನಾಲ್ಕು ಹಿಡೀತೀನಿ," ಎಂದ.