ನಮ್ಮ ಭಾವನ ಹಂದಿಶಾಸ್ತ್ರ

ನಮ್ಮ ಭಾವ, ಅಂದರೆ ಅಕ್ಕನ ಯಜಮಾನರು, ಜೀವಮಾನದಲ್ಲಿ ಒಂದು ಕೋಳಿಮೊಟ್ಟೆಯನ್ನೂ ಮುಟ್ಟಿದವರಲ್ಲ. ಸ್ನಾನ, ವಿಭೂತಿ, ಲಿಂಗಪೂಜೆ ಮುಗಿಯದೆ ಒಂದು ಗುಟುಕು ಕಾಫಿಯನ್ನೂ ಕುಡಿಯುವವರಲ್ಲ. ಆದರೆ ಹಂದಿಯ ಹೊಟ್ಟೆಯ ಬಗ್ಗೆ ಅವರಿಗಿದ್ದ ಕಾಳಜಿ ಸ್ವತಃ ಹಂದಿಗೂ ಇರಲಿಲ್ಲವೆಂದು ಇಡೀ ಚಾಮರಾಜಪೇಟೆಯೇ ಸಾಕ್ಷಿ ಹೇಳುತ್ತದೆ!

ಇದರಲ್ಲಿ ಅವರ ತಪ್ಪೇನೂ ಇಲ್ಲ. ಪಶುಪಾಲನೆಯ ಸರ್ಕಾರಿ ಕೆಲಸಕ್ಕೆ ಸೇರಿದಾಗ ಹಸು ಸಿಗುತ್ತದೆಂದೇ ನಂಬಿದ್ದರು. ಹಸುವಿನ ವಿಭಾಗ ಭರ್ತಿಯಾಗಿತ್ತು, ಕುರಿಯದೂ ಭರ್ತಿಯಾಗಿತ್ತು. ಉಳಿದದ್ದು ಹಂದಿ. ಊರೂರು ತಿರುಗಿ, ಹಂದಿಗೆ ಏನು ತಿನ್ನಿಸಬೇಕು, ಎಷ್ಟು ತಿನ್ನಿಸಬೇಕು ಎಂದು ಸಾಕುವವರಿಗೆ ಹೇಳಿಕೊಟ್ಟು ನಿವೃತ್ತರಾದರು. ಇಲಾಖೆ ಅವರನ್ನು ಬಿಟ್ಟಿತು, ಹಂದಿ ಬಿಡಲಿಲ್ಲ. ಯಾರಾದರೂ ಕೇಳಿದರೆ ಅಕ್ಕ "ಗೋರ್ಮೆಂಟ್ ಕೆಲಸದಲ್ಲಿದ್ರು" ಎಂದು ಹೇಳಿ ಬೇಗ ಕಾಫಿ ತರಲು ಎದ್ದುಬಿಡುತ್ತಿದ್ದಳು.

ಅವರ ಜೊತೆ ಮಾರ್ಕೆಟ್ಟಿಗೆ ಹೋಗಿದ್ದೀರಾ? ಹೋಗಬೇಡಿ. ನಾನು ಹೂಕೋಸು ಆರಿಸುತ್ತಿದ್ದರೆ ಭಾವ ಅಂಗಡಿಯವನು ಕಿತ್ತು ಬಿಸಾಕಿದ ಎಲೆಗಳ ರಾಶಿಯ ಮುಂದೆ ಮೈಮರೆತು ನಿಂತಿರುತ್ತಿದ್ದರು.

"ನೋಡಮ್ಮ, ಅಕ್ಕಿ ತೌಡು, ಗೋಧಿ ಬೂಸಾ, ಮೆಕ್ಕೆಜೋಳದ ನುಚ್ಚು, ಸ್ವಲ್ಪ ಕಡಲೆಕಾಯಿ ಹಿಂಡಿ. ಅದರ ಮೇಲೆ ಈ ಎಲೆ. ಎಲ್ಲಾ ಇಲ್ಲೇ ಸಿಗೋದು. ಎಂಥಾ ಊಟ ಗೊತ್ತಾ!"

"ಯಾರಿಗೆ ಭಾವ, ನಮಗಾ?"

"ಛೇ, ನಿಮಗೆಲ್ಲಿ ಬರಬೇಕು ಇಷ್ಟು ಅಚ್ಚುಕಟ್ಟಾದ ಊಟ!"

ಒಮ್ಮೆ ಬಸವನಗುಡಿಯ ಒಂದು ಛತ್ರದಲ್ಲಿ ನೆಂಟರ ಮದುವೆ. ಎಲ್ಲರೂ ಮದುಮಕ್ಕಳಿಗೆ ಅಕ್ಷತೆ ಹಾಕುತ್ತಿದ್ದಾಗ, ಮೊದಲ ಪಂಕ್ತಿಯಲ್ಲೇ ಉಂಡೆದ್ದಿದ್ದ ಭಾವ ಹಿತ್ತಲಲ್ಲಿ ಎಂಜಲೆಲೆಯ ತೊಟ್ಟಿಯನ್ನು ಇಣುಕಿ ನೋಡುತ್ತಿದ್ದರು. ಅಡುಗೆ ಭಟ್ಟರು ಕೈ ಒರೆಸಿಕೊಂಡು ಹತ್ತಿರ ಬಂದರು. "ಹುಳಿ ಹೇಗಿತ್ತು ಸ್ವಾಮಿ?" ಭಾವ ಗಂಭೀರವಾಗಿ, "ಉಪ್ಪು ಸ್ವಲ್ಪ ಮುಂದಾಯ್ತು. ಒಂದ್ಸಲ ಚೆನ್ನಾಗಿ ಕುದಿಸಿ ಕೊಟ್ರೆ ದೊಡ್ಡ ಹಂದಿಗಳು ತಡ್ಕೊಳ್ತಾವೆ, ಮರಿಗಳಿಗೆ ಬೇಡ" ಎಂದರು. ಆಮೇಲೆ ಆ ಭಟ್ಟರು ನಮ್ಮ ಪಂಕ್ತಿಯ ಕಡೆಗೆ ಹೋಳಿಗೆ ತರಲೇ ಇಲ್ಲ!

ಇಂಥ ಭಾವನ ಜೊತೆ ನಾನೂ ಮಾತು ಬಿಡಬೇಕಾಗಿ ಬಂತು. ಅಮ್ಮನಿಂದ ನನಗೆ ಬಂದ ಈ ಮನೆಗೆ ನನ್ನ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಾಗಿನ ಮಾತು. ನಾನು ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಬಾಣಂತನಕ್ಕೂ ಗೋಡೆಯ ಮೇಲೆ ವೇಳಾಪಟ್ಟಿ ಅಂಟಿಸಿದ್ದೆ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ನಿದ್ದೆ, ಎಲ್ಲಕ್ಕೂ ಹೊತ್ತು. ಕುಡಿಯುವ ನೀರು ಮಾತ್ರ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ನಮ್ಮಮ್ಮ ಹೇಳಿಕೊಟ್ಟ ಲೆಕ್ಕ. ಡಾಕ್ಟರಮ್ಮ ಬೇರೆ ಏನೋ ಹೇಳಿದ್ದರು. ಆ ಹುಡುಗಿ ಎಷ್ಟು ಬಾಣಂತನ ಮಾಡಿದ್ದಾಳು ಪಾಪ!

ಎಲ್ಲವೂ ಗಡಿಯಾರದಂತೆ ನಡೆಯುತ್ತಿತ್ತು, ಮಗು ಒಂದನ್ನು ಬಿಟ್ಟು. ಅದು ಹಗಲೆಲ್ಲ ಅಳುತ್ತಿತ್ತು. ಮೂರು ವಾರವಾದರೂ ತೂಕ ಏರಲಿಲ್ಲ. ಮಗಳ ಎದೆಹಾಲು ಅದಕ್ಕೆ ಸಾಲುತ್ತಿರಲಿಲ್ಲ.

ಒಂದು ದಿನ ಬೀಗಿತ್ತಿ ಮೊಮ್ಮಗನನ್ನು ನೋಡಲು ಬಂದು ನಡುಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಭಾವನೂ ಇದ್ದರು. ಒಳಗೆ ಮಗು ಕಿರುಚಿತು.

"ನೀರು ಎಷ್ಟಮ್ಮ ಕೊಡ್ತಿದೀಯಾ? ಮಗೂಗಲ್ಲ, ನಿನ್ನ ಮಗಳಿಗೆ" ಎಂದರು ಭಾವ.

"ಎರಡು ಲೋಟ."

ಭಾವ ಎದ್ದು ನಿಂತರು. "ಹಾಲು ಕುಡಿಸೋ ಹಂದಿ ಮುಂದೆ ನೀರಿನ ತೊಟ್ಟಿ ಖಾಲಿ ಇರಬಾರದು ಕಣಮ್ಮ! ತೌಡು ಕಮ್ಮಿಯಾದ್ರೂ ತಡ್ಕೊಳ್ಳುತ್ತೆ. ನೀರು ಕಮ್ಮಿಯಾದ್ರೆ ಹಾಲು ಬತ್ತಿಹೋಗುತ್ತೆ, ಮರಿಗಳು ಹೀಗೇ ಕಿರುಚ್ತಾವೆ."

ಬೀಗಿತ್ತಿಯ ಕಾಫಿ ಲೋಟ ಅರ್ಧ ದಾರಿಯಲ್ಲೇ ನಿಂತಿತು. "ನಮ್ಮ ಸೊಸೇನ ಹಂದಿ ಅಂದ್ರಾ ಇವರು?"

"ಇಲ್ಲಮ್ಮ. ಹಂದೀನ ಇದಕ್ಕಿಂತ ಚೆನ್ನಾಗಿ ನೋಡ್ಕೊಳ್ತಾರೆ ಅಂದೆ."

ಆಮೇಲೆ ನಡೆದದ್ದನ್ನು ಬರೆಯುವುದಿಲ್ಲ. ಬೀಗಿತ್ತಿಯನ್ನು ಹೇಗೋ ಸಮಾಧಾನ ಮಾಡಿ ಕಳಿಸಿ, "ಭಾವ, ಬಾಣಂತನ ಮುಗಿಯೋವರೆಗೂ ದಯವಿಟ್ಟು ಈ ಮನೆ ಒಳಗೆ ಬರಬೇಡಿ" ಎಂದುಬಿಟ್ಟೆ.

ಮಾರನೆಯ ದಿನ ನಾಲ್ಕು ಗಂಟೆಗೆ ಸರಿಯಾಗಿ ಗೇಟಿನ ಹೊರಗೆ ಭಾವ! ಅದರ ಮಾರನೆಯ ದಿನವೂ ಹಾಗೆಯೇ. ಮೂರನೆಯ ದಿನ ತಡೆಯಲಾರದೆ ಹೋಗಿ ಕೇಳಿದೆ.

"ಏನು ಭಾವ ಇದು?"

"ಒಳಗೆ ಬಂದಿಲ್ವಲ್ಲಮ್ಮ."

ಬಾಣಂತಿ ಕೋಣೆಯ ಕಿಟಕಿ ಗೇಟಿನ ಕಡೆಗೇ ಇದೆ. ಮಗು ಅಳುವುದು ಕೇಳುತ್ತಿತ್ತು. ಭಾವ ಆ ಕಡೆಯೇ ನೋಡುತ್ತಿದ್ದರು.

"ನಿಮ್ಮಕ್ಕನ ಬಾಣಂತನ ಆಗಿದ್ದೂ ಇದೇ ಕೋಣೇಲಿ. ನಾನು ನೋಡೋಕೆ ಬಂದಿದ್ದೆ. ಆ ಕಿಟಕಿ ಸಂದಿಯಿಂದ ನೀರು ಕೇಳಿದ್ಲು. ಒಂದು ಲೋಟ ನೀರು. ನಿಮ್ಮಮ್ಮನಿಗೆ ಹೆದರ್ಕೊಂಡು ಸುಮ್ನೆ ವಾಪಸ್ ಹೋದೆ." ಆಮೇಲೆ ತಪ್ಪೊಪ್ಪಿಕೊಳ್ಳುವವರಂತೆ ಹೇಳಿದರು: "ಆಗಿನ್ನೂ ನಾನು ಕೆಲಸಕ್ಕೆ ಸೇರಿರ್ಲಿಲ್ಲ. ಹಂದಿ ವಿಷಯ ಏನೂ ಗೊತ್ತಿರ್ಲಿಲ್ಲ ಕಣಮ್ಮ."

ನಗಬೇಕಾದ ಮಾತು. ನನಗೆ ನಗು ಬರಲಿಲ್ಲ.

ಒಳಗೆ ಹೋಗಿ, ಕಾಯಿಸಿ ಆರಿಸಿದ ನೀರನ್ನು ದೊಡ್ಡ ತಂಬಿಗೆಯಲ್ಲಿ ತುಂಬಿಕೊಂಡು ಕೋಣೆಗೆ ಹೋದೆ. ಮಗಳು ನನ್ನ ಮುಖವನ್ನೊಮ್ಮೆ, ತಂಬಿಗೆಯನ್ನೊಮ್ಮೆ ನೋಡಿ, ನಾನು ಮನಸ್ಸು ಬದಲಾಯಿಸುವ ಮೊದಲೇ ಎರಡೂ ಕೈಯಲ್ಲಿ ಎತ್ತಿಕೊಂಡು ಕುಡಿದಳು. ಮಗು ದಿನದಿನಕ್ಕೆ ಹಾಲು ಕುಡಿದು ತೂಕ ಹಿಡಿದದ್ದು ಆಮೇಲಿನ ಮಾತು. ಅವತ್ತು ನನಗೆ ಕೇಳಿಸಿದ್ದು ಅವಳು ನೀರು ನುಂಗುವ ಸದ್ದು ಮಾತ್ರ. ತಂಬಿಗೆ ಬರಿದಾಯಿತು. ನಾನು ಕಿಟಕಿ ತೆರೆದೆ.

"ಕುಡಿದ್ಲು ಭಾವ. ಒಳಗೆ ಬನ್ನಿ."

ಭಾವ ಕದಲಲಿಲ್ಲ. ಗೇಟಿನ ಕಂಬಿ ಹಿಡಿದುಕೊಂಡು ಅಲ್ಲಿಂದಲೇ, ಮೆತ್ತಗೆ ಹೇಳಿದರು: "ಇನ್ನೂ ಬೇಕಾ ಅಂತ ಕೇಳಮ್ಮ."