ಭಾವನ ಸರ್ವರಿನಲ್ಲಿ ಸೀಟು ಹಿಡಿದವರು

ಮನೆಗೆ ಕಳ್ಳ ನುಗ್ಗಿದರೂ ನಮ್ಮ ಭಾವ ತಿರುಗಿ ನೋಡುವವರಲ್ಲ. ಹೆಂಡತಿ ಬಂದರೂ ನೋಡುವವರಲ್ಲ! ಎರಡನೆಯದು ನನ್ನ ಅಕ್ಕನ ಕಾಯಂ ದೂರು. ಆಫೀಸು ಮುಗಿಸಿ, ಲೋಕಲ್ ಟ್ರೇನಿನಲ್ಲಿ ನಜ್ಜುಗುಜ್ಜಾಗಿ ಅವಳು ಘಾಟ್ಕೋಪರ್‌ನ ಮನೆ ತಲುಪಿದರೆ, ನಿವೃತ್ತ ಪತಿದೇವರು ಬಾಗಿಲಿಗೆ ಬೆನ್ನು ಹಾಕಿ ದಿವಾನದ ಮೇಲೆ, ತಮ್ಮ ಲಿನಕ್ಸ್ ಸರ್ವರಿನ ಮುಂದೆ ಧ್ಯಾನಸ್ಥರು. "ಯಾಕೆ ಲೇಟು?" ಎಂಬ ಒಂದು ಮಾತಿಲ್ಲ. ಒಲೆಯ ಮೇಲೆ ಚಹಾ ಕುದಿಯುತ್ತಿರುತ್ತದೆ, ನಿಜ. "ನನಗೇ ಅಂತ ಇಟ್ಟಿದ್ದೆ, ಬೇಕಾದ್ರೆ ನೀನೂ ಕುಡಿ" ಎನ್ನುತ್ತಾರೆ!

ಸರ್ವರ್ ಎಂದರೆ ಗಾಬರಿಯಾಗಬೇಡಿ. ದೇವರ ಮಂಟಪದ ಪಕ್ಕದಲ್ಲಿ ಸದಾ ಗೊರಗುಟ್ಟುವ ಕಪ್ಪು ಪೆಟ್ಟಿಗೆ. ದೇವರಿಗೆ ಸಂಜೆ ಮಾತ್ರ ದೀಪ. ಇದಕ್ಕೆ ಹಗಲಿರುಳೂ ಹಸಿರು ದೀಪ.

ಕಳೆದ ಭಾನುವಾರ ಇದರಲ್ಲಿ ಹೌಸಿಂಗ್ ಸೊಸೈಟಿಯ ನೀರಿನ ಸರದಿ ತಿಳಿಸುವ ವೆಬ್‌ಪುಟದ ಉದ್ಘಾಟನೆ. ಸೆಕ್ರೆಟರಿ ಸಾಹೇಬರು ಪೇಡೆ ಸಮೇತ ಬಂದಿದ್ದರು, ನಾನೂ ಹೋಗಿದ್ದೆ. ಭಾವ ಗುಂಡಿ ಒತ್ತಿದರು. ಪುಟ ಏಳಲಿಲ್ಲ. ಅದು ಕೇಳಿದ ಪೋರ್ಟಿನಲ್ಲಿ ಆಗಲೇ ಯಾರೋ ಇದ್ದಾರಂತೆ! ಪೋರ್ಟೆಂದರೆ ಸರ್ವರಿನೊಳಗೆ ನಂಬರು ಹಾಕಿದ ಸೀಟು. ಒಂದರಲ್ಲಿ ಒಂದೇ ಪ್ರೋಗ್ರಾಂ ಕೂರಬೇಕು. ಮೂವರ ಸೀಟಿನಲ್ಲಿ ನಾಲ್ಕನೆಯವರಿಗೂ ಸರಿದು ಜಾಗ ಕೊಡುವ ಲೋಕಲ್‌ನ ಧರ್ಮ ಅಲ್ಲಿಲ್ಲ.

ಭಾವ ಬಿಳಿಚಿಕೊಂಡರು. "ನನ್ನ ಮನೇಲಿ, ನನಗೆ ಗೊತ್ತಿಲ್ದೆ ಯಾರೋ ಬಂದು ಕೂತಿದಾರೆ!"

"ನಾನೂ ಎಷ್ಟೋ ವರ್ಷದಿಂದ ಕೂತಿದೀನಿ. ಗೊತ್ತಾಗಿದ್ಯಾ?" ಅಡುಗೆಮನೆಯಿಂದ ಅಕ್ಕ.

ಮೊದಲ ಅನುಮಾನ ನನ್ನ ಮೇಲೆ. ಎರಡನೆಯದು ವಿದೇಶಿ ಶಕ್ತಿಗಳ ಮೇಲೆ. ಸೆಕ್ರೆಟರಿ ಪೇಡೆ ಡಬ್ಬಿ ಮುಚ್ಚಿ, "ಪೊಲೀಸ್ ಕೋ ಬುಲಾಯೇಂ ಕ್ಯಾ?" ಎಂದರು.

ಕೊನೆಗೆ ಭಾವ, ಆ ಸೀಟಿನಲ್ಲಿರುವವರು ಯಾರೆಂದು ಸರ್ವರನ್ನೇ ಕೇಳಿದರು. ಪರದೆಯ ಮೇಲೆ ಹೆಸರು ಬಂತು: ಚಹಾ.

"ಚಹಾ? ಕಸಲಾ ಚಹಾ?" ಎಂಥ ಚಹಾ ಎಂದು ಸೆಕ್ರೆಟರಿ ಕಣ್ಣರಳಿಸಿದರು.

ಭಾವ ಅದನ್ನು ತೆರೆದವರೇ ಥಟ್ಟನೆ ಮುಚ್ಚಲು ಹೋದರು. ಅಷ್ಟರಲ್ಲಿ ನಾನು ಜೋರಾಗಿ ಓದಿಬಿಟ್ಟಿದ್ದೆ: 'ಅವಳ ಲೋಕಲ್ ಕುರ್ಲಾ ಬಿಟ್ಟಿತೇ? ಬಿಟ್ಟೊಡನೆ ಗಂಟೆ ಬಾರಿಸು. ನೀರಿಡಬೇಕು.' ಕುರ್ಲಾ ಎಂದರೆ ಘಾಟ್ಕೋಪರ್‌ಗೆ ಸ್ವಲ್ಪ ಮೊದಲು ಸಿಗುವ ಸ್ಟೇಷನ್ನು. ಕೆಳಗೆ ಶುಕ್ರವಾರ ಸಂಜೆಯ ವರದಿ: ಇನ್ನೂ ಬಿಟ್ಟಿಲ್ಲ. ಇನ್ನೂ ಬಿಟ್ಟಿಲ್ಲ. ಇನ್ನೂ ಬಿಟ್ಟಿಲ್ಲ. ಬಿಟ್ಟಿತು.

ಅಕ್ಕ ಸೌಟು ಹಿಡಿದೇ ಬಂದು ನಿಂತಿದ್ದಳು. ಭಾವನ ಕಿವಿ ಕೆಂಪಾಗಿತ್ತು. "ಅದು... ಯಾವತ್ತೋ ಮಳೆಗೆ ನಿನ್ನ ಟ್ರೇನ್ ನಿಂತುಹೋಗಿತ್ತಲ್ಲ, ಆಗ ಬರೆದಿದ್ದು. ಯಾವ ಸೀಟಲ್ಲಿ ಕೂರಿಸಿದ್ದೆ ಅನ್ನೋದೇ ಮರ್ತುಹೋಗಿತ್ತು."

"ತೋ ಇಸ್ಕೋ ಹಟಾವೋ ನಾ," ಎಂದರು ಸೆಕ್ರೆಟರಿ.

ಸೌಟು ಮೇಲೆದ್ದಿತು. "ಅದನ್ನ ಎಬ್ಬಿಸಿದ್ರೆ ನೋಡಿ! ಸೊಸೈಟಿ ನೀರು ಪಕ್ಕದ ಸೀಟಲ್ಲಿ ಕೂತ್ಕೊಳ್ಲಿ."

ಮರುದಿನ ಸಂಜೆಯೂ ಅಕ್ಕ ಬಂದಾಗ ಚಹಾ ಕುದಿಯುತ್ತಿತ್ತಂತೆ. ಭಾವ ಬೆನ್ನು ಹಾಕಿಯೇ ಕೂತಿದ್ದರಂತೆ. ಅಕ್ಕ ದೂರಲಿಲ್ಲ. ದಿವಾನದ ಹತ್ತಿರ ಹೋಗಿ, "ಒಂಚೂರು ಸರೀರಿ" ಎಂದಳಂತೆ.

ಸರಿದರಂತೆ.