ಕಬ್ಬಿಣದ ಚಾರ್ಮಿನಾರ್

ಟೋಪಿ ಹಾಕಿಸಿಕೊಳ್ಳುವುದರಲ್ಲಿ ನನಗೆ ಅನುಭವ ಕಡಿಮೆಯಿಲ್ಲ. ಸೀರೆ ಪ್ರದರ್ಶನಗಳಲ್ಲಿ ಮಳಿಗೆ ಹಾಕುತ್ತ ದಿಲ್ಲಿ, ಜೈಪುರ, ಕೋಲ್ಕತ್ತ, ಕೊಚ್ಚಿ ಅಂತ ಇಪ್ಪತ್ತು ವರ್ಷ ತಿರುಗಿದವಳಿಗೆ ಊರಿಗೊಬ್ಬರಂತೆ ಹಾಕಿದ್ದಾರೆ. ಆದರೆ ಅವರೆಲ್ಲ ಎದುರಿಗೆ ನಿಂತು ಹಾಕಿದ ಮರ್ಯಾದಸ್ಥರು. ಮುಖವನ್ನೇ ತೋರಿಸದವನ ಕೈಗೆ ಸಿಕ್ಕಿದ್ದು ಎರಡು ಸಾವಿರದ ಏಳರಲ್ಲಿ, ನಾನಿರುವ ಹುಮನಾಬಾದಿನ ಒಂದು ಸೈಬರ್ ಕೆಫೆಯಲ್ಲಿ ಕೂತು.

೧. ಖಾಲಿ ಜೇಬು

ಅಪ್ಪ ಬಸವಕಲ್ಯಾಣದಲ್ಲಿ ಹೆಡ್‌ಮಾಸ್ತರಾಗಿದ್ದವರು. ನಿಜಾಮನ ಕಾಲದ ನಾಣ್ಯಗಳನ್ನು ಆಲ್ಬಮ್ಮಿನ ಪ್ಲಾಸ್ಟಿಕ್ ಜೇಬುಗಳಲ್ಲಿ ಜೋಡಿಸಿಟ್ಟಿದ್ದರು. ಒಂದೇ ಜೇಬು ಖಾಲಿ. ಅಲ್ಲಿದ್ದ ಚಾರ್ಮಿನಾರ್ ಚಿತ್ರದ ಬೆಳ್ಳಿ ರೂಪಾಯಿಯನ್ನು ಕಾಲೇಜಿನ ದಿನಗಳಲ್ಲಿ ನಾನೇ ಎಗರಿಸಿ, ಮಾರಿ, ಮುಂಬೈ ನೋಡಿ ಬಂದಿದ್ದೆ. ಅಪ್ಪ ಬೈಯಲಿಲ್ಲ. ಬಂದವರಿಗೆಲ್ಲ ಆಲ್ಬಮ್ ತೆರೆದು, ಆ ಖಾಲಿ ಜೇಬಿನ ಮೇಲೆ ಬೆರಳಿಟ್ಟು, "ಇದು ಮಗಳ ಮುಂಬೈ" ಅನ್ನುತ್ತಿದ್ದರು. ಬೈದಿದ್ದರೆ ಎಷ್ಟೋ ಮೇಲಿತ್ತು.

ಆ ಜೇಬು ತುಂಬಿಸಬೇಕೆಂದೇ ಒಂದು ವೆಬ್‌ಸೈಟಿನಲ್ಲಿ ಅಂಥದೇ ರೂಪಾಯಿ ಹುಡುಕಿ ಎರಡು ಸಾವಿರ ಕಟ್ಟಿದೆ. ಹದಿನೈದು ದಿನಕ್ಕೆ ಅಪ್ಪನ ಮನೆಗೇ ಬಂತು. ಅಪ್ಪ ಅದನ್ನು ಟೇಬಲ್ಲಿನ ಮೇಲಿಟ್ಟು, ಹಳೆಯ ರೇಡಿಯೋದಿಂದ ಬಿಚ್ಚಿಟ್ಟಿದ್ದ ಅಯಸ್ಕಾಂತವನ್ನು ಮೇಲೆ ಹಿಡಿದರು. ನಿಜಾಮನ ಬೆಳ್ಳಿ ಟಣ್ಣನೆ ಹಾರಿ ಅಂಟಿಕೊಂಡಿತು.

"ನಿಜಾಮ ಕಬ್ಬಿಣದ ರೂಪಾಯಿನೂ ಹೊಡಿಸಿದ್ದ ಅಂತ ನನಗ ಗೊತ್ತಿರಲಿಲ್ಲ ನೋಡವ್ವ" ಅಂದರು.

೨. ವಯಸ್ಸಾದ ಬೆಳ್ಳಿ

ಮಾರಿದವನಿಗೆ ಫೋನ್ ಹಚ್ಚಿದೆ. ಏಳನೇ ಸಲಕ್ಕೆ ಎತ್ತಿದ. ರೊಕ್ಕ ವಾಪಸ್ ಕೊಡು ಅಂದೆ. ಅವನು ಸಾವಕಾಶವಾಗಿ ಹಿಂದಿಯಲ್ಲಿ ತಿಳಿಸಿ ಹೇಳಿದ: ಬೆಳ್ಳಿಗೆ ಬಹಳ ವಯಸ್ಸಾದರೆ ಕಬ್ಬಿಣದ ಗುಣ ಹಿಡಿಯುತ್ತದಂತೆ, ಅದೇ ಅಸಲಿಯ ಗುರುತಂತೆ.

ನಾನೂ ಐವತ್ತರ ಹತ್ತಿರ ಬಂದಿದ್ದೇನೆ, ನನಗೇನು ಹಿಡಿಯುತ್ತದಪ್ಪ ಎಂದು ಕೇಳಿದೆ.

"ಸಿಟ್ಟು" ಎಂದವನೇ ಫೋನಿಟ್ಟ.

೩. ರಿವಾಜು

ವೆಬ್‌ಸೈಟಿನವರಿಗೆ ದೂರು ಬರೆದೆ. ಅಕ್ಕಸಾಲಿಗರಿಂದ ಖೋಟಾ ಎಂದು ಬರೆಸಿ ಕಳಿಸಿ, ನಾಣ್ಯವನ್ನು ಮಾರಿದವನಿಗೆ ಹಿಂದಿರುಗಿಸಿ, ಆಮೇಲೆ ನೋಡೋಣ ಎಂದು ಉತ್ತರ ಬಂತು.

ಬಸವಕಲ್ಯಾಣದಲ್ಲಿ ನಮ್ಮ ಮನೆಗೆ ಬೇಕಾದ ಅಕ್ಕಸಾಲಿಗರು ಪತ್ತಾರ ಕಾಕಾ. ಒರೆಗೆ ಹಚ್ಚಿದರು, ತೂಗಿದರು, ಚೀಟಿ ಬರೆದು ಠಸ್ಸೆ ಒತ್ತಿ ಕೊಟ್ಟರು. ನಾನು ಖುಷಿಯಿಂದ ಅದನ್ನು ಓದುತ್ತಿರುವಾಗಲೇ ಎದುರಿಗೆ ಎರಡು ಪೆಟ್ಟಿನ ಸದ್ದು. ತಲೆ ಎತ್ತಿದರೆ, ಉಳಿಯ ಕೆಳಗೆ ಚಾರ್ಮಿನಾರ್ ಎರಡು ಹೋಳು.

"ಕಾಕಾ, ಏನ್ ಮಾಡಿದ್ರಿ ಇದು?"

"ಖೋಟಾ ಸಿಕ್ಕಾ ನಮ್ಮ ಅಂಗಡಿಯಿಂದ ಇಡಿಯಾಗಿ ಹೊರಗ ಹೋಗಂಗಿಲ್ಲವ್ವ. ನಮ್ಮಜ್ಜನ ಕಾಲದಿಂದ ರಿವಾಜ ಅದ. ನಾಳಿ ಯಾರಿಗರೆ ಟೋಪಿ ಬಿದ್ರ?"

"ನನಗ ಬಿದ್ದಾದಲ್ರಿ!"

"ಅದಕ್ಕ. ನಿನಗ ಮುಗೀಲಿ ಅಂತ."

ಈ ಇಡೀ ವ್ಯವಹಾರದಲ್ಲಿ ಪ್ರಾಮಾಣಿಕರು ಅವರೊಬ್ಬರೇ. ನನ್ನನ್ನು ಹಾಳು ಮಾಡಿದವರೂ ಅವರೇ.

೪. ಒಳಗೇನದ?

ಚೀಟಿಯನ್ನು ಅಪ್ಪನ ಹತ್ತಿರ ಬಿಟ್ಟು, ಅದರ ನಕಲನ್ನು ವೆಬ್‌ಸೈಟಿನವರಿಗೆ ಕಳಿಸಿ, ಆ ಹೋಳುಗಳನ್ನೇ ಕಟ್ಟಿಕೊಂಡು ಹುಮನಾಬಾದಿನ ಅಂಚೆ ಕಚೇರಿಗೆ ಹೋದೆ. ಪಾರ್ಸೆಲ್ಲಿನಲ್ಲಿ ಏನದ ಎಂದು ಗುಮಾಸ್ತರು ಕೇಳಿದರು. ನಾಣ್ಯ ಅಂದೆ. ನಾಣ್ಯವಾದರೆ ವಿಮೆ ಮಾಡಿಸಬೇಕು ಅಂದರು. ಖೋಟಾ ನಾಣ್ಯ ಅಂದೆ. ಪಾರ್ಸೆಲ್ಲಿನಿಂದ ಕೈ ಹಿಂದಕ್ಕೆಳೆದುಕೊಂಡು, ಹಂಗಾದ್ರ ಪೊಲೀಸ್ ಠಾಣೆ ಆ ಕಡೆ ಅದ ಮೇಡಮ್ ಅಂದರು. ಅರ್ಧ ತಾಸು ಜಗಳಾಡಿ, ಹೋಳು ಬಿಚ್ಚಿ ತೋರಿಸಿದ ಮೇಲೆ ಕರಗಿ ತಾವೇ ಹೇಳಿ ಬರೆಸಿದರು: "ಕಬ್ಬಿಣದ ಚೂರು, ಎರಡು."

ಹತ್ತು ದಿನ ಬಿಟ್ಟು ಕೆಫೆಯಲ್ಲಿ ಮೇಲ್ ತೆರೆದರೆ, ಮಾರಿದವನೇ ವೆಬ್‌ಸೈಟಿನವರಿಗೆ ನನ್ನ ಮೇಲೆ ದೂರು ಕೊಟ್ಟಿದ್ದ. ಅಪರೂಪದ ಬೆಳ್ಳಿ ನಾಣ್ಯ ಇಟ್ಟುಕೊಂಡು ಈ ಹೆಂಗಸು ಕಬ್ಬಿಣದ ಚೂರು ಕಳಿಸಿದ್ದಾಳೆ, ಬೇಕಾದರೆ ಅವಳದೇ ಕೈಬರಹ ನೋಡಿ!

ನಾಲ್ಕು ಭಾಷೆಯಲ್ಲಿ ಕಲಿತ ಬೈಗುಳವೆಲ್ಲ ಒಮ್ಮೆಲೇ ಹೊರಬಂತು. ಟೇಬಲ್ ಗುದ್ದಿದೆ, ಮಾನಿಟರಿಗೂ ಒಂದು ಬಿತ್ತು. ಕೆಫೆಯ ಮಾಲೀಕ ಓಡಿ ಬಂದು ಅದನ್ನು ತಬ್ಬಿ ಹಿಡಿದ: "ಅಕ್ಕಾ, ಇದು ನಂದ್ರಿ. ಅವಂದಲ್ಲ."

೫. ಅಪರೂಪದ ವಸ್ತು

ಬೀದರಿನ ಗ್ರಾಹಕರ ಕೋರ್ಟಿಗೆ ಎಳೆಯುತ್ತೇನೆ ಎಂದು ವೆಬ್‌ಸೈಟಿನವರಿಗೂ ಅವನಿಗೂ ಬರೆದೆ. ವಾರದಲ್ಲಿ ಅಪ್ಪನ ವಿಳಾಸಕ್ಕೆ ಪಾರ್ಸೆಲ್ ಬಂತು. ನಾಣ್ಯ ಬದಲಿಸಿ ಕೊಟ್ಟಿದ್ದೇನೆ ಎಂಬ ಪತ್ರ ಮೇಲೆ. ಬಿಚ್ಚಿದರೆ ನನ್ನವೇ ಎರಡು ಹೋಳು, ಬೆಸುಗೆ ಹಾಕಿದವು. ಅದೂ ನೆಟ್ಟಗಿಲ್ಲ, ಎರಡು ಮಿನಾರು ಮೇಲೆ, ಎರಡು ಕೆಳಗೆ.

ಮೈಯೆಲ್ಲ ಉರಿದುಹೋಯಿತು. ಅದರ ಫೋಟೋ ತೆಗೆಸಿ ವೆಬ್‌ಸೈಟಿನವರಿಗೆ ಕಳಿಸಿದೆ. ಈ ಸಲ ಅವರೇ ನಾಚಿಕೊಂಡರು: ಆ ನಾಣ್ಯ ನಮಗೆ ಕಳಿಸಿ, ಪೂರ್ತಿ ಹಣ ವಾಪಸ್. ಎರಡು ತಿಂಗಳ ಯುದ್ಧ ಗೆದ್ದೆನೆಂದು ಪತ್ರದ ಪ್ರಿಂಟ್ ಹಿಡಿದು ಬಸ್ಸು ಹತ್ತಿ ಅಪ್ಪನ ಹತ್ತಿರ ಓಡಿದೆ.

ನಾಣ್ಯ ಆಗಲೇ ಆ ಜೇಬಿನಲ್ಲಿ ಕೂತಿತ್ತು. ಪಕ್ಕದಲ್ಲಿ ಪತ್ತಾರ ಕಾಕಾನ ಚೀಟಿ, ಮಡಚಿಟ್ಟದ್ದು.

"ಕೊಡ್ರಿ ಅಪ್ಪಾ, ರೊಕ್ಕ ಬರ್ತದ."

ಅಪ್ಪ ಆಲ್ಬಮ್ ಮುಚ್ಚಿ ಅದರ ಮೇಲೆ ಕೈಯಿಟ್ಟರು. "ಅಸಲಿ ರೂಪಾಯಿ ಹೈದರಾಬಾದಿನ್ಯಾಗ ಗಲ್ಲಿಗೊಂದು ಸಿಗ್ತದ. ಇಂಥಾದ್ದು ಯಾರ ಹಂತ್ಯಾಕ ಅದ ಹೇಳು? ನಾ ಕೊಡಂಗಿಲ್ಲ. ರೊಕ್ಕ ಬ್ಯಾಡಂತ ಬರಿ."

ಹಲ್ಲು ಕಡಿಯುತ್ತ ವೆಬ್‌ಸೈಟಿನವರಿಗೂ ಅವನಿಗೂ ಬರೆದೆ: ಹಣ ಬೇಡ, ವಸ್ತು ಬಹಳ ಅಪರೂಪದ್ದಾದ್ದರಿಂದ ನಾವೇ ಇಟ್ಟುಕೊಳ್ಳುತ್ತೇವೆ.

ಎರಡು ತಿಂಗಳು ಫೋನೆತ್ತಲು ಸತಾಯಿಸಿದವನು ಅಂದು ತಾನಾಗಿಯೇ ಮಾಡಿದ. "ಮೇಡಮ್, ನಮ್ಮ ಹತ್ತಿರ ಇನ್ನೂ ಇಪ್ಪತ್ತು ಇವೆ. ಮುರಿದು ಬೆಸೆದು ಕಳಿಸಲೇ?"